ನಕ್ಷೆಯಲ್ಲಿ ಮಾತ್ರ ಇದ್ದ ಗುಬ್ಬಿ ಗಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಇನ್ನೂ ಹುಟ್ಟಿಲ್ಲ. ಕೊನೆಗೆ ನಿಮ್ಮ ಕಣ್ಣು ಒದ್ದೆಯಾಗದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಆ ಮಾತು ಬೇರೆ.

ಎಂಟ್ರಿ ಸೀನ್ ಬೇಕಲ್ಲವೇ? ತಗೊಳ್ಳಿ... ಸಂಜೆ. ಮಂಜು. ಮುಚ್ಚಿಹೋದ ನೂಲಿನ ಗಿರಣಿಯ ಉದ್ದನೆಯ ಗೋಡೆ. ಅದರ ಮುಂದೆ, ಮೂರನೆಯ ಸಲ, ಅದೇ ಕಾರು.

ಒಳಗೆ ಕೂತವಳು ಡ್ರೈವಿಂಗ್ ಸ್ಕೂಲಿನ ಟೀಚರ್. ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವಳು. ಇವತ್ತು ಬಟ್ಟೆಬರೆಯನ್ನೆಲ್ಲ ಡಿಕ್ಕಿಗೆ ತುಂಬಿಕೊಂಡು ದೂರದ ಊರಿನ ಹೊಸ ಕೆಲಸಕ್ಕೆ ಹೊರಟಿದ್ದಳು. ಈ ಊರನ್ನೂ, ಇಲ್ಲಿ ತನ್ನ ಕೈಬಿಟ್ಟವನನ್ನೂ ಮರೆಯಬೇಕಿತ್ತು. ಹೆದ್ದಾರಿ ಅಗೆದಿದ್ದಾರೆಂದು ಜಿಪಿಎಸ್ ತೋರಿಸಿದ ಒಳದಾರಿ ಹಿಡಿದರೆ, ಅದು ಸುತ್ತಿಸಿ ಸುತ್ತಿಸಿ ಇಲ್ಲಿಗೇ ತಂದು ನಿಲ್ಲಿಸುತ್ತಿತ್ತು.

"ಎಡಕ್ಕೆ ತಿರುಗಿ. ಗುಬ್ಬಿ ಗಲ್ಲಿ."

ಎಡಕ್ಕೆ ಗೋಡೆ. ಗಲ್ಲಿಯೇ ಇಲ್ಲ.

ಅವಳ ಬೆನ್ನಲ್ಲಿ ಚಳಿ ಹುಟ್ಟಿದ್ದು ಗೋಡೆ ಕಂಡಲ್ಲ, ಆ ಹೆಸರು ಕೇಳಿ. ಗುಬ್ಬಿ... ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ. ನಕ್ಷೆ ಬಿಡಿಸುವವನು. ಅವಳ ಅಪ್ಪನ ಹತ್ತಿರ ಮದುವೆ ಮಾತಾಡಲು ಬರುತ್ತೇನೆಂದವನು ಹೋದ ವರ್ಷ, ಹೇಳಿದ ದಿನ ಬರಲೇ ಇಲ್ಲ. ಫೋನ್ ಆಫ್. ಹುಡುಕಿಕೊಂಡು ಹೋಗಲು ಮೊದಲು ಸಿಟ್ಟು ಬಿಡಲಿಲ್ಲ, ಆಮೇಲೆ ಭಯ ಬಿಡಲಿಲ್ಲ. 'ಅವನಿಗೇನಾದರೂ...' ಆ ಯೋಚನೆಯನ್ನು ಅವಳು ಒಮ್ಮೆಯೂ ಪೂರ್ತಿ ಮಾಡಿರಲಿಲ್ಲ.

ಸತ್ತವರು ಜಿಪಿಎಸ್ ಒಳಗೆ ಸೇರಿಕೊಂಡು ಕರೆಯುತ್ತಾರಾ?

'ದಾರಿ ತಪ್ಪಾಗಿದೆ' ಅನ್ನುವ ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ನಮಸ್ಕಾರ ಮೇಡಂ, ನಕ್ಷೆ ವಿಭಾಗದಿಂದ. ಏನ್ ತೊಂದರೆ ಆಯ್ತು?"

ಅದೇ ದನಿ.

"ಬದುಕಿದ್ದೀಯಾ?"

"...ಗುಬ್ಬಿ?"

"ಆ ಹೆಸರು ಎತ್ಬೇಡ. ಇಲ್ಲದ ಗಲ್ಲಿಗೆ ಅದನ್ನಿಟ್ಟು ಆಟ ಆಡ್ತಿದ್ದೀಯಾ?"

"ಆಟ ಅಲ್ಲ ಕಣೇ. ನಮ್ಮ ನಕ್ಷೆ ಯಾರಾದ್ರೂ ಕದ್ರೆ ಗೊತ್ತಾಗ್ಲಿ ಅಂತ ಅಲ್ಲಲ್ಲಿ ಒಂದು ಸುಳ್ಳು ಗಲ್ಲಿ ಹಾಕ್ತೀವಿ. ಒಂದು ಕಡೆ ಮುಚ್ಚಿರ್ಬೇಕು, ಆಗ ಜಿಪಿಎಸ್ ಯಾರನ್ನೂ ಅಲ್ಲಿಗೆ ಕಳಿಸಲ್ಲ. ನಾನು ಎರಡೂ ಕಡೆ ರಸ್ತೆಗೆ ಸೇರಿಸ್ಬಿಟ್ಟೆ."

"ಯಾಕೆ?"

"ನಿನ್ನ ಹೆಸರಿನ ದಾರಿ... ಎಲ್ಲಿಗೂ ಹೋಗ್ದೆ ನಿಂತ್ಬಿಡೋದು ನೋಡೋಕಾಗ್ಲಿಲ್ಲ."

ಅವಳು ಮತ್ತೆ ಕೇಳಿದಳು, "ಆ ದಿನ ಯಾಕ್ ಬರ್ಲಿಲ್ಲ?"

"ಹೊರಟಿದ್ದೆ. ತಡ ಆಯ್ತು ಅಂತ ಜಿಪಿಎಸ್ ತೋರಿಸಿದ ಹತ್ತಿರದ ದಾರಿ ಹಿಡಿದೆ. ಇಂಥದ್ದೇ ಮಂಜು. ಅದೇ ಗೋಡೆಗೆ ಬೈಕ್ ಗುದ್ದಿದೆ. ಕಾಲು, ಫೋನು ಎರಡೂ ಮುರೀತು. ಆದ್ರೂ ಆ ಗಲ್ಲಿ ಅಳಿಸೋಕೆ ಮನಸ್ಸು ಬರ್ಲಿಲ್ಲ."

"ಬಾಯೂ ಮುರಿದಿತ್ತಾ?"

"ನೀನೇ ಹೇಳಿದ್ದೆ, ಇವತ್ತು ಬರದಿದ್ರೆ ಇನ್ಯಾವತ್ತೂ ಬರ್ಬೇಡ ಅಂತ. ಅದೂ ಅಲ್ದೆ... ನಾನೇ ತೋಡಿದ ಗುಂಡಿಗೆ ನಾನೇ ಬಿದ್ದೆ ಅಂತ ಡ್ರೈವಿಂಗ್ ಟೀಚರ್ ಮುಂದೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನಿನ್ನ ಮುಖ ಅಷ್ಟೇನೂ ಬೆಲೆಬಾಳಲ್ಲ ಕಣೋ. ಒಂದು ವರ್ಷ ನಿನ್ನ ಹೆಣ ಹೊತ್ಕೊಂಡು ತಿರುಗಿದ್ದೀನಿ ನಾನು."

ಅವನು ಮೆಲ್ಲಗೆ, "ಅಲ್ಲೇ ಇರು. ಬರ್ತೀನಿ."

ಮಂಜನ್ನು ಸೀಳಿಕೊಂಡು ಅವನು ಓಡಿ ಬಂದ. ಅವಳೂ ಓಡಿದಳು. ಸ್ಲೋ ಮೋಷನ್. ಹಿಂದೆ ಪಿಟೀಲು...

ಇಲ್ಲ. ಇದು ನಾನು ಬಿಟ್ಟ ರೈಲು. ಮುರಿದು ಕೂಡಿದ ಕಾಲಲ್ಲಿ ಯಾರೂ ಹಾಗೆ ಓಡುವುದಿಲ್ಲ. ನಿಜವಾಗಿ ನಡೆದದ್ದು ಇಷ್ಟೇ.

"ಬೇಡ," ಎಂದಳು ಅವಳು. "ನೀನು ಬಂದ್ರೆ ಮತ್ತೆ ಎಲ್ಲಾದ್ರೂ ಗುದ್ಕೋತೀಯ. ಎಲ್ಲಿದ್ದೀಯ ಹೇಳು, ನಾನೇ ಬರ್ತೀನಿ."

ಜಿಪಿಎಸ್ ಆರಿಸಿದಳು. ಫೋನಿನ ಸ್ಪೀಕರಿನಲ್ಲಿ ಅವನು ದಾರಿ ಹೇಳುತ್ತಾ ಹೋದ. "ರಿವರ್ಸ್ ತಗೋ... ಬೇಕರಿ ದಾಟು... ಬಲಕ್ಕೆ. ನಿಧಾನ..." ಅವನು ಅಳುತ್ತಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಕೊನೆಗೆ ಅವನ ಆಫೀಸಿನ ಮೆಟ್ಟಿಲ ಮೇಲೆ ಕುಂಟುತ್ತಾ ಇಳಿಯುವ ನೆರಳು ಕಂಡಿತು. ಕಾರು ನಿಂತಿತು. ಇಬ್ಬರ ನಡುವೆ ಈಗ ಬರೀ ಒಂದು ಗಾಜು.

"ಇನ್ನು ಯಾವ ಕಡೆ?" ಫೋನಿನಲ್ಲೇ ಕೇಳಿದಳು.

"ನಿಮ್ಮ ಮನೆಗೆ. ನಿಮ್ಮಪ್ಪ ಇರ್ತಾರಲ್ಲ? ದಾರಿ ಮಾತ್ರ ನೀನೇ ನೋಡ್ಕೋ."

ಅವಳು ಕೈಚಾಚಿ ಪಕ್ಕದ ಬಾಗಿಲು ತೆಗೆದಳು.

"ಹತ್ತು. ಬೆಲ್ಟ್ ಹಾಕ್ಕೋ... ಇನ್ನೊಂದ್ಸಲ ನಿನಗೇನಾದ್ರೂ ಆದ್ರೆ ನನ್ನ ಕೈಲಾಗಲ್ಲ."