ಹೆಸರಿನ ಮುಂದಿನ ತಗ್ಗು

ಹಿತ್ತಾಳೆಯ ಫಲಕದ ಮೇಲೆ ಉಳಿಯೂರಿದ್ದವಳು ತಲೆ ಎತ್ತಿದಳು. ಇನ್ನೆಂದೂ ಇತ್ತ ಸುಳಿಯುವುದಿಲ್ಲವೆಂದು ಹೋಗಿದ್ದವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

ಉಳಿ ಜಾರಿತು. ಯಾರೋ ವಕೀಲರ ಹೆಸರಿನ ಮೇಲೆ ಉದ್ದನೆಯ ಗೀರು ಬಿತ್ತು.

"ಅಮ್ಮ ತೀರಿಕೊಂಡಳು. ಅವಳ ಹೆಸರಿನದೊಂದು ಫಲಕ ಬೇಕಿತ್ತು."

ಅವಳು ಅಳತೆಯನ್ನಷ್ಟೇ ಕೇಳಿದಳು. ಬೇರೇನನ್ನಾದರೂ ಕೇಳುವ ಹಕ್ಕು ತನಗೆಲ್ಲಿದೆ...

ಅಂದು ಅವನ ಅಪ್ಪ ಹಾಸಿಗೆ ಹಿಡಿದಿದ್ದರು. ಮಗನ ಡಾಕ್ಟರಿ ಓದಿನ ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ತನಕ ತಾವು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಸೊಸೆಯಾಗಲಿದ್ದವಳನ್ನು ಗುಟ್ಟಾಗಿ ಕರೆಸಿ, ಮಗನ ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಎಂದು ಕೆತ್ತಿ ತರಬೇಕೆಂದೂ, ಹೇಳಿದ್ದು ತಾವೆಂದು ಅವನಿಗೆ ತಿಳಿಯಬಾರದೆಂದೂ ಬೇಡಿಕೊಂಡರು. ಪಡೆಯದ ಪದವಿಯನ್ನು ಕೆತ್ತಬಾರದೆಂಬುದು ಅಂಗಡಿಯ ಕಟ್ಟುಪಾಡು. ಅವಳು ಮೀರಿದಳು. ಬಾಗಿಲಿನ ಆ ಅಕ್ಷರಗಳನ್ನು ನೋಡುತ್ತಲೇ ಅವರು ಕಣ್ಣು ಮುಚ್ಚಿದರು.

ಮಗ ನಪಾಸಾದ. ಬೀದಿಯವರು ಅವನಿಗೆ 'ಬಾಗಿಲ ಡಾಕ್ಟರು' ಎಂದು ಹೆಸರಿಟ್ಟರು. ಡಾಕ್ಟರ ಹೆಂಡತಿ ಎನ್ನಿಸಿಕೊಳ್ಳುವ ಆತುರ ನಿನಗಿತ್ತು ಎಂದವನೇ ಫಲಕವನ್ನು ಕಿತ್ತು, ಅವಳ ಕಾಲ ಬಳಿ ಎಸೆದು ಹೋಗಿಬಿಟ್ಟ. ದೂರದ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸದಲ್ಲಿದ್ದಾನೆಂದು ಆಮೇಲೆ ಯಾರೋ ಹೇಳಿದ್ದರು.

"ಹೋಗೋ ಮುಂಚೆ ಅಮ್ಮ ಎಲ್ಲಾ ಹೇಳಿದಳು. ಕೆತ್ತಿಸಿದ್ದು ಅಪ್ಪ. ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ದರೆ ಅಪ್ಪನ ಮೇಲೆ ಸಿಟ್ಟಾಗ್ತಿದ್ರಿ. ಸತ್ತವರ ಮೇಲಿನ ಸಿಟ್ಟನ್ನ ಎಲ್ಲಿ ಅಂತ ತೀರಿಸ್ಕೊಳ್ತೀರಿ? ನಾನಾದ್ರೆ ಬದುಕಿದ್ದೆ."

ಅವನು ಗಿರಾಕಿಗಳ ಬೆಂಚಿನ ಮೇಲೆ ಕುಳಿತ. ಆ ಫಲಕವನ್ನು ಕರಗಿಸಿಬಿಟ್ಟೆಯಾ ಎಂದು ಕೇಳಿದ.

ಅವಳು ಮೇಜಿನಡಿಯಿಂದ ಬಟ್ಟೆ ಸುತ್ತಿದ ಫಲಕವನ್ನು ತೆಗೆದು ಅವನ ಕೈಗಿತ್ತಳು. ಅವನ ಹೆಸರು ಹೊಳೆಯುತ್ತಿತ್ತು. ಅದರ ಮುಂದೆ ಅಕ್ಷರಗಳಿರಲಿಲ್ಲ. ಉಜ್ಜಿ ಉಜ್ಜಿ ಆದ ತಗ್ಗು ಮಾತ್ರವಿತ್ತು. ಅವನ ಬೆರಳು ಅಲ್ಲಿ ಇಳಿದು ನಿಂತಿತು.

"ಇಲ್ಲಿ ತೆಳ್ಳಗಾಗಿದೆ."

"ಕೆತ್ತಿದ್ದನ್ನ ಅಳಿಸಿದ್ರೆ ಹಾಗೇ ಆಗೋದು."

"ಇಲ್ಲಿ ನಿನ್ನ ಹೆಸರು ಹಿಡಿಸುತ್ತಾ?"

ಅವಳ ಕಣ್ಣೀರು ಹಿತ್ತಾಳೆಯ ಮೇಲೆ ಬಿತ್ತು. ಕಲೆಯಾಗಬಾರದೆಂದು ಅವಳು ಸೆರಗಿನಿಂದ ಒರೆಸಿದಳು.

"ಗಟ್ಟಿಯಾಗಿ ಹೊಡೆದ್ರೆ ತೂತು ಬೀಳುತ್ತೆ ಕಣೋ..."

"ಹಾಗಿದ್ರೆ ಮೆಲ್ಲಗೆ ಕೆತ್ತು. ನಾನು ಹಿಡಿದುಕೊಂಡಿರ್ತೀನಿ."