ಹಳದಿ ಪಟ್ಟಿ

ಶುಕ್ರವಾರ ಬೆಳಗ್ಗೆ ಆರು ಗಂಟೆ ಐವತ್ತು ನಿಮಿಷ. ಡಯಾಲಿಸಿಸ್ ವಾರ್ಡಿನ ವೇಳಾಪಟ್ಟಿಯ ಫೈಲು ಆ ವಾರ ಐದನೇ ಸಲ ಬೇಲಿಯಿಲ್ಲದೆ ತೆರೆದುಕೊಂಡಿತು.

ಬೇಲಿ ಎಂಬುದು ನರ್ಸ್ ಇಟ್ಟ ಹೆಸರು. ಹನ್ನೆರಡು ಮೆಷಿನ್‌ಗಳ ಪಟ್ಟಿ ಹಾಳೆಯ ಒಂದು ಮೂಲೆಯಲ್ಲಿತ್ತು. ಕರ್ಸರ್ ಅದರಿಂದಾಚೆ ಜಾರದಂತೆ ತಡೆಯುವ ಸೆಟ್ಟಿಂಗೇ ಬೇಲಿ. ಹಿಂದಿನ ತಿಂಗಳು ಹಾಗೆ ಜಾರಿ, ಒಬ್ಬ ರೋಗಿಯ ಹೆಸರು ಪಟ್ಟಿಯ ಹೊರಗೆಲ್ಲೋ ಬಿದ್ದು, ಆತ ಎರಡು ಗಂಟೆ ಬೆಂಚಿನ ಮೇಲೆ ಕಾದಿದ್ದ. ಆಮೇಲೆ ಕಂಪ್ಯೂಟರ್ ವಿಭಾಗದವನು ಬಂದು ಅವಳ ಕಣ್ಣೆದುರೇ ಬೇಲಿ ಹಾಕಿದ. ಮರುದಿನ ಅದು ಮಾಯ. ಮತ್ತೆ ಹಾಕಿದ. ಮತ್ತೆ ಮಾಯ.

ಅವನೇ ತೆಗೆಯುತ್ತಿದ್ದಾನೆಯೇ? ವಾರ್ಡಿಗೆ ಬರಲು ಅದೊಂದು ನೆಪವೇ? ಹಾಗಿದ್ದರೆ ಮಂಗಳವಾರದಿಂದ ಬರುವುದನ್ನೇ ಏಕೆ ನಿಲ್ಲಿಸಿದ?

ಇಡೀ ಆಸ್ಪತ್ರೆಯಲ್ಲಿ ಅವಳನ್ನು ಸಿಸ್ಟರ್ ಎನ್ನದ ಒಬ್ಬನೇ ಮನುಷ್ಯ ಅವನು. ‘ರೀ’ ಎನ್ನುತ್ತಿದ್ದ, ಇಲ್ಲವೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಈಗ ಕಾರಿಡಾರಿನಲ್ಲಿ ಎದುರಾದರೆ ನೆಲದ ಟೈಲ್ಸ್ ಎಣಿಸುತ್ತಾನೆ. ಇಲ್ಲಿ ಉಳಿಯುವುದೋ ಹೆಡ್ ಆಫೀಸಿಗೆ ಮರಳುವುದೋ ಎಂದು ಇವತ್ತು ಹನ್ನೆರಡರೊಳಗೆ ಅವನು ತಿಳಿಸಬೇಕು. ಮರಳುತ್ತಾನಂತೆ ಎಂದು ನಾಲ್ಕನೇ ಮೆಷಿನ್‌ನ ನಿವೃತ್ತ ಹೆಡ್‌ಮಾಸ್ಟರ್ ಹೇಳಿದ್ದರು. ಅವರಿಗೆ ತಿಳಿಯದ ಸುದ್ದಿ ಆಸ್ಪತ್ರೆಯಲ್ಲಿ ಇರಲಿಲ್ಲ.

ಅವಳು ಅವನಿಗೆ ಫೋನ್ ಮಾಡಿದಳು. ಎಂಟಕ್ಕೆ ಅವನು ಬಂದಾಗ ಹನ್ನೆರಡೂ ಮೆಷಿನ್ ಓಡುತ್ತಿದ್ದವು.

“ಬೇಲಿ ಕಿತ್ತವರು ಯಾರು?”

“ಯಾರೂ ಕಿತ್ತಿಲ್ಲ. ಆ ಸೆಟ್ಟಿಂಗ್ ಫೈಲ್ ಜೊತೆ ಸೇವ್ ಆಗೋದೇ ಇಲ್ಲ. ತೆರೆದಾಗಲೆಲ್ಲ ಹೊಸದಾಗಿ ಹಾಕ್ಬೇಕು. ತಾನಾಗೇ ಹಾಕ್ಕೊಳ್ಲಿ ಅಂತ ಭಾನುವಾರ ಫೈಲ್ ಒಳಗೇ ಒಂದು ಪುಟ್ಟ ಪ್ರೋಗ್ರಾಮ್, ಮ್ಯಾಕ್ರೋ, ಬರೆದಿಟ್ಟೆ.”

“ನನಗೆ ಹೇಳ್ಲೇ ಇಲ್ಲ?”

“ಫೈಲ್ ತೆರೆದ್ರೆ ಗೊತ್ತಾಗುತ್ತೆ ಅಂದ್ಕೊಂಡೆ. ಸೋಮವಾರ ನೀವೇ ಅಂದ್ರಲ್ಲ, ಬೆಳಬೆಳಗ್ಗೆ ಈ ಕಾಟ ಸಾಕು, ನಿಲ್ಸಿ ಅಂತ.”

“ಬೇಲಿ ಮಾಯ ಆಗ್ತಿತ್ತು, ಅದಕ್ಕಂದೆ. ನೀವೇನು ಅಂದ್ಕೊಂಡ್ರಿ?”

ಅವನ ಕಿವಿ ಕೆಂಪಾಯಿತು. “ತೆರೆದಾಗ ಬೇರೇನೂ ಬರ್ಲಿಲ್ವಾ?”

“ಮೇಲೆ ಒಂದು ಹಳದಿ ಪಟ್ಟಿ ಬರುತ್ತೆ. ದಿನಾ ಕ್ಲೋಸ್ ಮಾಡ್ತೀನಿ.”

“ಯಾಕ್ರೀ?”

ಅವಳು ಗೋಡೆ ತೋರಿಸಿದಳು. ಅಲ್ಲಿ ಅವನದೇ ಸಹಿಯ ಸೂಚನೆ ಅಂಟಿತ್ತು: ‘ಗೊತ್ತಿಲ್ಲದ ಯಾವುದನ್ನೂ ಒತ್ತಬೇಡಿ.’

“ಆ ಹಳದಿ ಪಟ್ಟಿಯ ಬಟನ್ ಒತ್ತದಿದ್ರೆ ಮ್ಯಾಕ್ರೋ ಓಡೋದೇ ಇಲ್ಲ,” ಎಂದ ಅವನು, ಸೂಚನೆಯನ್ನೇ ನೋಡುತ್ತ.

ಅವಳು ಫೈಲು ಮುಚ್ಚಿ ಮತ್ತೆ ತೆರೆದಳು. ಹಳದಿ ಪಟ್ಟಿ ಬಂತು. ಒತ್ತಿದಳು. ಪರದೆಯ ನಡುವೆ ಒಂದು ಪುಟ್ಟ ಚೌಕ ಮೂಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ: ‘ನಾನು ಇಲ್ಲೇ ಇರ್ಲಾ?’ ಕೆಳಗೆ ಯೆಸ್, ನೋ, ಎರಡು ಬಟನ್.

ಅವಳು ಎರಡು ಸಲ ಓದಿದಳು.

“ಇದು ಎಲ್ರಿಗೂ ಬರುತ್ತಾ?”

“ನಿಮ್ಮ ಲಾಗಿನ್‌ಗೆ ಮಾತ್ರ.”

“ಸೋಮವಾರದಿಂದ ಕೇಳ್ತಾನೇ ಇದೆಯಾ?”

“ಎಲ್ಲಿ ಕೇಳೋಕೆ ಬಿಟ್ರಿ? ದಿನಾ ಬಾಯಿ ಮುಚ್ಚಿಸಿದ್ರಿ.”

ಮೌಸಿನ ಬಾಣ ನೋ ಮೇಲೆ ಹೋಗಿ ನಿಂತಿತು. ಅವನು ಬಾಣವನ್ನೇ ನೋಡಿದ. ಅವಳು ಓರೆಗಣ್ಣಿನಲ್ಲಿ ಅವನನ್ನು ನೋಡಿದಳು. ಬಾಣ ಎಡಕ್ಕೆ ಸರಿಯಿತು. ಯೆಸ್.

ಚೌಕ ಮಾಯವಾಯಿತು. ಅವಳು ಕರ್ಸರನ್ನು ಬಲಕ್ಕೆ ಓಡಿಸಿದಳು. ಮೆಷಿನ್‌ಗಳ ಪಟ್ಟಿಯ ಅಂಚಿನಲ್ಲಿ ಅದು ನಿಂತಿತು.

“ಈಗ ನಾನು ಕೊಟ್ಟ ಉತ್ತರ ಎಲ್ಲಿ ಸೇವ್ ಆಯ್ತು?”

“ಎಲ್ಲೂ ಆಗಲ್ಲ. ನಾಳೆ ಮತ್ತೆ ಕೇಳುತ್ತೆ. ಆ ಸಾಲು ತೆಗೆದ್ಬಿಡ್ತೀನಿ.”

“ತೆಗೀಬೇಡಿ.”

“ಉತ್ತರ ಸರಿಯಾಗಿದೆ,” ಎಂದರು ಹೆಡ್‌ಮಾಸ್ಟರ್, ಕಣ್ಣು ತೆರೆಯದೆಯೇ. “ಮುಂದಿನ ಪ್ರಶ್ನೆ ಕೇಳಪ್ಪಾ.”

ಅವನು ಸೂಚನೆಯನ್ನು ಗೋಡೆಯಿಂದ ಕಿತ್ತು ಜೇಬಿಗಿಟ್ಟುಕೊಂಡ.

ಹನ್ನೊಂದು ನಲವತ್ತಕ್ಕೆ ಅವನು ಹೆಡ್ ಆಫೀಸಿಗೆ ಫೋನ್ ಮಾಡಿ, ಇಲ್ಲೇ ಉಳಿಯುವುದಾಗಿ ತಿಳಿಸಿದ. ಶನಿವಾರ ಆರು ಐವತ್ತಕ್ಕೆ ಫೈಲು ಮತ್ತೆ ಕೇಳಿತು. ಅವಳು ಯೆಸ್ ಒತ್ತಿ, ಮೊದಲ ರೋಗಿಯನ್ನು ಮೂರನೇ ಮೆಷಿನ್‌ಗೆ ಕರೆದಳು.