ಸೊನ್ನೆ ನೋಟದ ಚಿತ್ರ

ಬೆಂಗಳೂರಿನ ನಗರ ಚಿತ್ರಸೌಧಕ್ಕೆ ಭಾನುವಾರ ಬರುವವರು ಮೊದಲು ನಿಲ್ಲುವುದು ಯಾವ ಚಿತ್ರದ ಮುಂದೆಯೂ ಅಲ್ಲ, ಬಾಗಿಲ ಪಕ್ಕದ ಫಲಕದ ಮುಂದೆ. ಇದು ೨೦೫೮ನೆಯ ಇಸವಿಯ ಮಾತು. ಕಳೆದ ವಾರ ಯಾವ ಚಿತ್ರವನ್ನು ಜನ ಎಷ್ಟು ಹೊತ್ತು ನೋಡಿದರು ಎಂಬುದು ಆ ಫಲಕದಲ್ಲಿ ಬೆಳಗುತ್ತಿರುತ್ತದೆ. ಮೊದಲ ಹತ್ತನ್ನು ಗುರುತು ಹಾಕಿಕೊಂಡು, ಮಕ್ಕಳ ಕೈ ಹಿಡಿದೆಳೆಯುತ್ತ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ನುಗ್ಗುವವರಂತೆ ಒಳಗೆ ನುಗ್ಗುತ್ತಾರೆ. ಊಟದ ಹೊತ್ತಿಗೆ ವಸ್ತುಸಂಗ್ರಹಾಲಯ, ತಾರಾಲಯ ಎರಡನ್ನೂ ಮುಗಿಸಬೇಕಲ್ಲ.

ಈ ಏರ್ಪಾಡಿನ ಹಿಂದಿರುವುದು ನೋಟಮಾಪಕ. ಚಿತ್ರದ ಗಾಜಿನ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಮಸೂರ ಕೂತಿರುತ್ತದೆ. ಅದು ನಮಗೆ ಕಾಣದ ಅವಕೆಂಪು ಬೆಳಕನ್ನು ಚೆಲ್ಲಿ, ಎದುರಿಗಿರುವವರ ಕಣ್ಣಪಾಪೆಯಿಂದ ಮರಳಿ ಬರುವ ಮಿನುಗನ್ನು ಹಿಡಿಯುತ್ತದೆ. ಸುಮ್ಮನೆ ದಾಟಿಹೋದ ಕಣ್ಣು ಯಾವುದು, ನಿಂತು ನೋಡಿದ ಕಣ್ಣು ಯಾವುದು ಎಂದು ಅದಕ್ಕೆ ಗೊತ್ತಾಗುತ್ತದೆ. ಇದನ್ನು ಕಂಡುಹಿಡಿದವಳು ಧಾರವಾಡದ ಡಾ. ಶಾರ್ವರಿ ಕಟ್ಟಿ. ಶಿಫಾರಸು ಮಾಡುವವರಿಲ್ಲದ ಕಲಾವಿದರಿಗೂ ನ್ಯಾಯ ಸಿಗಲಿ ಎಂಬುದು ಆಕೆಯ ಆಸೆಯಾಗಿತ್ತು. ಆಸೆ ಒಳ್ಳೆಯದೇ. ಆದರೆ ಚಿತ್ರಸೌಧದವರು ಅದಕ್ಕೊಂದು ನಿಯಮ ಅಂಟಿಸಿದರು: ಆರು ತಿಂಗಳಲ್ಲಿ ಯಾರೂ ನಿಂತು ನೋಡದ ಚಿತ್ರ, ಅದನ್ನು ಬರೆದವರ ಮನೆಗೆ ವಾಪಸು. ಜೊತೆಗೆ ಹೋಗುವ ಪತ್ರಕ್ಕೆ ಶಾರ್ವರಿಯ ಸಹಿ.

ಒಂದು ಮಂಗಳವಾರ ಹೊಸ ಮಸೂರಗಳನ್ನು ಪರೀಕ್ಷಿಸಲು ಆಕೆ ನಾಲ್ಕನೇ ಸಭಾಂಗಣಕ್ಕೆ ಹೋಗಿದ್ದಳು. ಅಲ್ಲಿಯ ಕಾವಲಿನ ಮುನಿರತ್ನಮ್ಮ ಕುರ್ಚಿಯಿಂದೆದ್ದು ಬಂದು ಖಾಲಿ ಗೋಡೆಯನ್ನು ತೋರಿಸಿದಳು.

"ಮೇಡಂ, ಇಲ್ಲಿದ್ದ ಕೂಸಿನ ಚಿತ್ರ ಯಾವಾಗ ವಾಪಸ್ ಬರುತ್ತೆ?"

ಶಾರ್ವರಿಗೆ ನೆನಪಿತ್ತು. ಇನ್ನೂ ಗಾರೆ ಕಾಣದ ಎರಡು ಕಂಬಗಳ ನಡುವೆ ಸೀರೆಯ ಜೋಲಿ, ಒಳಗೆ ನಿದ್ದೆಯಲ್ಲೇ ನಗುವ ಕೂಸು. ಯಶವಂತಪುರದಲ್ಲಿ ನೆಲೆಸಿದ್ದ ಕಾಳಪ್ಪ ಪತ್ತಾರ ಬರೆದ ಚಿತ್ರ. ಆರು ತಿಂಗಳಲ್ಲಿ ಅದಕ್ಕೆ ಸಿಕ್ಕ ನೋಟ ಸೊನ್ನೆ. ಅದನ್ನು ಯಾರೂ ನೋಡುತ್ತಿರಲಿಲ್ಲ, ಕಳೆದ ತಿಂಗಳೇ ಕಳಿಸಿಯಾಯಿತು ಎಂದಳು.

ಮುನಿರತ್ನಮ್ಮ ನಕ್ಕುಬಿಟ್ಟಳು. "ಯಾರು ನಿಮಗೆ ಹೇಳಿದ್ದು? ಮೊದಲ್ನೇ ನಂಬರ್ ಚಿತ್ರ ಹುಡುಕ್ಕೊಂಡು ಬಂದೋರೂ ಇಲ್ಲೇ ನಿಂತ್ಬಿಡೋರು. ಹಿಂಗಾಗುತ್ತೆ ಅಂತ ಗೊತ್ತಿದ್ದೇ, ತಂದು ನೇತುಹಾಕಿದ ದಿನಾನೇ ನಾನು ದೃಷ್ಟಿಬೊಟ್ಟು ಇಟ್ಟಿದ್ದೆ."

ಎಲ್ಲಿ ಇಟ್ಟೆ ಎಂದು ಶಾರ್ವರಿ ಕೇಳಿದಳು.

"ಕೂಸಿನ ಕೆನ್ನೆಗೇ ಇಟ್ರೆ ನನ್ನ ಕೆಲಸ ಹೋಗುತ್ತಲ್ಲ. ಗಾಜಿನ ಮೂಲೇಲಿ ಆಗ್ಲೇ ಒಂದು ಕಪ್ಪು ಚುಕ್ಕೆ ಇತ್ತು. ಎದ್ದು ಕಾಣಬಾರದು ಅಂತ ಅದರ ಮೇಲೇ ಕಾಡಿಗೆ ಮೆತ್ತಿದೆ. ಅಳಿಸಿಹೋದಂಗೆಲ್ಲ ಮತ್ತೆ ಇಡ್ತಿದ್ದೆ."

ಆ ಚುಕ್ಕೆ ನೋಟಮಾಪಕದ ಮಸೂರವಾಗಿತ್ತು. ಇಡೀ ಬೆಂಗಳೂರು ನಿಂತು ನೋಡುತ್ತಿದ್ದಾಗ ಶಾರ್ವರಿಯ ಯಂತ್ರ ಕಾಡಿಗೆ ಮೆತ್ತಿಸಿಕೊಂಡು ಕುರುಡಾಗಿ ಕೂತಿತ್ತು. ಆರು ತಿಂಗಳಲ್ಲಿ ಒಂದೇ ಒಂದು ನೋಟವೂ ಇಲ್ಲ, ಕಸ ಗುಡಿಸುವವರದ್ದೂ ಇಲ್ಲ ಎಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ಆಕೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ಯಶವಂತಪುರಕ್ಕೆ ಹೋದಳು. ಚಿತ್ರವನ್ನು ಮತ್ತೆ ಅದೇ ಗೋಡೆಗೆ ಏರಿಸಿ, ಬಹಿರಂಗವಾಗಿ ಕ್ಷಮೆ ಕೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಕಾಳಪ್ಪ ಚಹಾ ಕೊಟ್ಟು, ಒಳಗಿನಿಂದ ಒಂದು ಕ್ಯಾನ್ವಾಸು ತಂದು ಗೋಡೆಗೆ ಒರಗಿಸಿದ. ಅದು ಅಚ್ಚ ಬಿಳಿಯಾಗಿತ್ತು.

"ಆರು ತಿಂಗಳದಾಗ ಒಬ್ಬರೂ ನೋಡಿಲ್ಲಂದ್ರ ನಾ ಬರದಿದ್ದು ಚಿತ್ರನ ಅಲ್ಲ ಅನಿಸ್ತು. ಅದರ ಮ್ಯಾಲ ಬಿಳಿ ಬಣ್ಣ ಬಳದು ಬಿಟ್ಟೆ. ಕ್ಯಾನ್ವಾಸಿನ ಅರಿವಿ ಆದ್ರೂ ಉಳೀತು."

ಶಾರ್ವರಿ ಕಾಡಿಗೆಯ ಕತೆ ಹೇಳಿದಳು. ಮುನಿರತ್ನಮ್ಮನ ಹೆಸರು ಹೇಳಲಿಲ್ಲ. ಕಾಳಪ್ಪ ಸಿಟ್ಟಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆತ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಹಾಕಿದ.

"ನೀವು ನೋಡಿದ್ರೇನ್ರಿ ಅದನ್ನ?"

ಆ ಸಭಾಂಗಣದ ಉದ್ಘಾಟನೆಯ ದಿನ ವೇದಿಕೆಯಿಂದ ಎರಡು ಸಲ ಕರೆದರೂ ಹೋಗದೆ ಆ ಜೋಲಿಯ ಮುಂದೆ ನಿಂತದ್ದು ಆಕೆಗೆ ಚೆನ್ನಾಗಿ ನೆನಪಿತ್ತು. "ನೋಡೇನ್ರಿ. ಭಾಳ ಹೊತ್ತು ನಿಂತು ನೋಡೇನಿ."

"ಮತ್ತ ನಿಮ್ಮ ಕೈಲೆ ಸೊನ್ನಿ ಅಂತ ಹೆಂಗ ಬರದ್ರಿ?"

ಮೆಟ್ರೊದಲ್ಲಿ ಮರಳುವಾಗ ಶಾರ್ವರಿ ಆ ಪ್ರಶ್ನೆಯನ್ನೇ ತಿರುವಿ ಹಾಕಿದಳು. ತನ್ನ ಕಣ್ಣು ಕಂಡದ್ದನ್ನು ಬಿಟ್ಟು ಅಂಕಿ ಹೇಳಿದ್ದನ್ನು ನಂಬಿದ್ದಳು, ಅಷ್ಟೇ. ಈ ಅಭ್ಯಾಸ ನೋಟಮಾಪಕದಿಂದ ಬಂದದ್ದೂ ಅಲ್ಲ. ಅವಳ ಅಮ್ಮನ ಕಾಲದಲ್ಲೇ, ಎಂದರೆ ನಮ್ಮ ಕಾಲದಲ್ಲೇ, ಅಂಗೈಯ ಫೋನಿನಲ್ಲಿ ಚಿತ್ರದ ಕೆಳಗಿನ ಅಂಕಿಯನ್ನು ಮೊದಲು ನೋಡಿ, ಆಮೇಲೆ ಚೆನ್ನಾಗಿದೆ ಎನ್ನುವುದು ರೂಢಿಯಾಗಿತ್ತು. ಶಾರ್ವರಿ ಅದಕ್ಕೊಂದು ಮಸೂರ ಜೋಡಿಸಿದ್ದಳು.

ಮಧ್ಯಾಹ್ನ ಬಾಗಿಲ ಪಕ್ಕದ ಫಲಕವನ್ನು ನಂದಿಸುವಂತೆ ಪತ್ರ ಬರೆದುಕೊಟ್ಟಳು. ಅದು ಇನ್ನೂ ಚಿತ್ರಸೌಧದ ಸಮಿತಿಯ ಮುಂದಿದೆ. ಆಮೇಲೆ ನಾಲ್ಕನೇ ಸಭಾಂಗಣಕ್ಕೆ ಹೋದಳು. ಬೊಟ್ಟಿನಿಂದ ಆದದ್ದನ್ನು ಮಾತ್ರ ಹೇಳಬಾರದು, ಪ್ರೀತಿಯಿಂದ ಮಾಡಿದ ಕೆಲಸದ ಪಾಪವನ್ನು ಆ ಹೆಂಗಸಿನ ತಲೆಗೆ ಕಟ್ಟಬಾರದು ಎಂದು ನಿಶ್ಚಯಿಸಿದ್ದಳು.

"ಕೂಸು ಬರಲ್ಲ ಮುನಿರತ್ನಮ್ಮ. ಚಿತ್ರ ಹಾಳಾಯ್ತು. ತಪ್ಪು ನನ್ನದು."

ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮದ್ಯಾಕೆ ಮೇಡಂ. ನಂದೇ ಕಣ್ಣು ತಾಗಿರಬೇಕು. ಬೊಟ್ಟು ಇಟ್ಟಿದ್ದು ಬಂದೋರ ಕಣ್ಣಿಗೆ ಅಂತ. ಎಲ್ರಿಗಿಂತ ಜಾಸ್ತಿ ನೋಡಿದೋಳು ನಾನೇ ಅಲ್ವಾ?"

ಹಾಗಲ್ಲ ಎಂದು ಬಿಡಿಸಿ ಹೇಳಬೇಕೆಂದರೆ ಬೊಟ್ಟಿನ ವಿಷಯ ಹೇಳಲೇಬೇಕಿತ್ತು. ಶಾರ್ವರಿ ಮುನಿರತ್ನಮ್ಮನ ಪಕ್ಕದಲ್ಲಿ ನಿಂತು ಆ ಖಾಲಿ ಗೋಡೆಯನ್ನು ಬಹಳ ಹೊತ್ತು ನೋಡಿದಳು.